ಅವ್ವನ ಚಿಕಿತ್ಸೆಗೆ ಆಸ್ಪತ್ರೆಯ ಪೋರ್ಟಲ್: ಎರಡು ವರ್ಷ ಬಳಸಿದ ಮೇಲೆ

ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದು ತನ್ನ ರೋಗಿಗಳಿಗಾಗಿ ನಡೆಸುತ್ತಿರುವ ಆನ್‌ಲೈನ್ ಪೋರ್ಟಲನ್ನು ನಾನು ಎರಡು ವರ್ಷಗಳಿಂದ ಬಳಸುತ್ತಿದ್ದೇನೆ. ರೋಗಿ ನಾನಲ್ಲ, ನನ್ನ ಅವ್ವ. ಅವಳಿಗೀಗ 68 ವರ್ಷ. ಸಕ್ಕರೆ ಕಾಯಿಲೆ ಶುರುವಾಗಿ ಹದಿನಾರು ವರ್ಷಗಳಾಗಿವೆ, ರಕ್ತದೊತ್ತಡ ಅದರ ಬೆನ್ನಿಗೇ ಬಂದಿತು, ಈಚೆಗೆ ಮೂತ್ರಪಿಂಡಗಳ ಕೆಲಸವೂ ಕುಗ್ಗಿದೆ. ಅವ್ವ ಗದಗದಲ್ಲಿ ಅಣ್ಣ ಮತ್ತು ವೈನಿಯ ಜೊತೆ ಇದ್ದಾಳೆ, ನಾನು ನೌಕರಿಯ ಕಾರಣಕ್ಕೆ ಧಾರವಾಡದಲ್ಲಿದ್ದೇನೆ. ಆಸ್ಪತ್ರೆ ನಮ್ಮಿಬ್ಬರ ನಡುವೆ ಇದೆ. ಗದಗದಿಂದ ಸುಮಾರು 60 ಕಿಲೋಮೀಟರು, ಧಾರವಾಡದಿಂದ ಸುಮಾರು 20. ಅವ್ವನನ್ನು ಕರೆದುಕೊಂಡು ಬರುವವನು ಅಣ್ಣ, ಔಷಧಿ ಕೊಡುವವಳು ವೈನಿ, ರಿಪೋರ್ಟುಗಳನ್ನು ನೋಡಿ ಮುಂದಿನ ಭೇಟಿಯನ್ನು ಗೊತ್ತುಪಡಿಸುವವಳು ನಾನು. ನಮ್ಮ ಕಡೆಯ ಬಹಳಷ್ಟು ಮನೆಗಳಲ್ಲಿ ವಯಸ್ಸಾದವರ ಚಿಕಿತ್ಸೆ ಹೀಗೆಯೇ ಮೂರ್ನಾಲ್ಕು ಕೈಗಳಲ್ಲಿ ನಡೆಯುತ್ತದೆ. ಈ ಪೋರ್ಟಲ್ ಆ ಕೈಗಳಿಗೆ ಎಷ್ಟು ಒದಗಿತು, ಎಲ್ಲಿ ಕೈಕೊಟ್ಟಿತು ಎಂಬುದನ್ನು ಹೇಳುವುದೇ ಈ ಬರಹದ ಉದ್ದೇಶ. ಆಸ್ಪತ್ರೆಯ ಹೆಸರನ್ನು ಬರೆಯುವುದಿಲ್ಲ. ಅಲ್ಲಿನ ವೈದ್ಯರ ಬಗ್ಗೆ ನಮಗೆ ಗೌರವವಿದೆ, ನನ್ನ ತಕರಾರು ವ್ಯವಸ್ಥೆಯ ಮೇಲೆ.

ಪೋರ್ಟಲ್ ಬರುವ ಮೊದಲು ನಮ್ಮ ಮನೆಯಲ್ಲಿ ಬಟ್ಟೆ ಅಂಗಡಿಯ ಕೈಚೀಲವೊಂದರಲ್ಲಿ ಅವ್ವನ ಕಾಗದಗಳಿದ್ದವು. ಔಷಧಿ ಚೀಟಿ, ರಕ್ತಪರೀಕ್ಷೆ, ಇಸಿಜಿ, ಬಿಲ್ಲು ಎಲ್ಲವೂ ಒಂದರೊಳಗೊಂದು ಸೇರಿಕೊಂಡಿದ್ದವು. ಥರ್ಮಲ್ ಕಾಗದದ ಮೇಲೆ ಮುದ್ರಿಸಿದ ಹಳೆಯ ಇಸಿಜಿಗಳು ಬಿಳಿಚಿ ಏನೂ ಕಾಣದಂತಾಗಿದ್ದವು. ವೈದ್ಯರು ಹಿಂದಿನ ರಿಪೋರ್ಟ್ ಕೇಳಿದಾಗ ಅಣ್ಣ ಅವರ ಮೇಜಿನ ಮೇಲೆಯೇ ಚೀಲ ಸುರುವಿ ಹುಡುಕುತ್ತಿದ್ದ, ಹೊರಗೆ ಕಾಯುತ್ತಿದ್ದವರು ಬಾಗಿಲಲ್ಲಿ ಇಣುಕುತ್ತಿದ್ದರು. ಸಿಗದಿದ್ದರೆ ಮತ್ತೆ ರಕ್ತ ಕೊಡಬೇಕು, ಮತ್ತೆ ಹಣ ಕಟ್ಟಬೇಕು. ಈ ಒಂದು ಸಂಕಟವನ್ನು ಪೋರ್ಟಲ್ ಪೂರ್ತಿಯಾಗಿ ತೆಗೆದುಹಾಕಿದೆ. ಬೆಳಿಗ್ಗೆ ರಕ್ತ ಕೊಟ್ಟರೆ ಸಾಮಾನ್ಯವಾಗಿ ಅದೇ ಸಂಜೆ ಫಲಿತಾಂಶ ಪಿಡಿಎಫ್ ರೂಪದಲ್ಲಿ ಬಂದಿರುತ್ತದೆ, ಅದನ್ನು ಇಳಿಸಿಕೊಂಡು ಬೇರೆ ವೈದ್ಯರಿಗೂ ತೋರಿಸಬಹುದು. ರಿಪೋರ್ಟ್ ತರುವುದಕ್ಕೆಂದೇ ಗದಗದಿಂದ ಒಬ್ಬರು ಇಡೀ ದಿನ ಕಳೆದುಕೊಂಡು ಬರುವುದು ತಪ್ಪಿದೆ. ಅಣ್ಣನದು ಕಿರಾಣಿ ಅಂಗಡಿ. ಅವನಿಗೆ ಒಂದು ದಿನ ಬಾಗಿಲು ಹಾಕುವುದೆಂದರೆ ಏನೆಂದು ಅಂಗಡಿ ಇಟ್ಟವರಿಗೆ ಗೊತ್ತು.

ಇದಕ್ಕಿಂತಲೂ ಹೆಚ್ಚಿನದೊಂದು ಉಪಕಾರ ಆಗಿದೆ. ಪೋರ್ಟಲಿನಲ್ಲಿ ಯಾವುದೇ ಪರೀಕ್ಷೆಯ ಹೆಸರನ್ನು ಒತ್ತಿದರೆ ಅದರ ಹಳೆಯ ಅಂಕಿಗಳೆಲ್ಲ ಒಂದು ಗೆರೆಯಾಗಿ ತೆರೆದುಕೊಳ್ಳುತ್ತವೆ. ಕಳೆದ ವರ್ಷ ಒಂದು ಸಂಜೆ ಅವ್ವನ ಕ್ರಿಯಾಟಿನಿನ್ (ಮೂತ್ರಪಿಂಡ ಸೋತಂತೆ ರಕ್ತದಲ್ಲಿ ಏರುವ ತ್ಯಾಜ್ಯ) ಎಂಬ ಸಾಲನ್ನು ಒತ್ತಿ ನೋಡಿದೆ. 1.05, 1.11, 1.16, 1.21, 1.28. ಒಂದೊಂದನ್ನೇ ಬೇರೆಬೇರೆ ಕಾಗದದಲ್ಲಿ ನೋಡಿದಾಗ ಯಾವುದೂ ಹೆದರಿಸುವ ಅಂಕಿಯಲ್ಲ. ಒಟ್ಟಿಗೆ ನೋಡಿದಾಗ ಗೆರೆ ಒಮ್ಮೆಯೂ ಕೆಳಗಿಳಿಯದೆ ಏರುತ್ತಲೇ ಹೋಗಿತ್ತು. ಆ ಪುಟವನ್ನು ಮುದ್ರಿಸಿಕೊಂಡು ಹೋಗಿ ವೈದ್ಯರ ಮುಂದಿಟ್ಟೆ. ಅವರು ಅದನ್ನು ಸ್ವಲ್ಪ ಹೊತ್ತು ನೋಡಿ, ಅಲ್ಲಿಯೇ ಇಜಿಎಫ್‌ಆರ್ (ಮೂತ್ರಪಿಂಡಗಳು ರಕ್ತವನ್ನು ಎಷ್ಟು ಸೋಸುತ್ತಿವೆ ಎಂಬ ಅಂದಾಜು) ಲೆಕ್ಕ ಹಾಕಿ, ಮೊದಲ ರಿಪೋರ್ಟಿನ ಹೊತ್ತಿಗೆ ಸುಮಾರು 58 ಇದ್ದದ್ದು ಈಗ 46ಕ್ಕೆ ಇಳಿದಿದೆ ಎಂದರು. ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನು ಎಷ್ಟು ಹೋಗುತ್ತಿದೆಯೆಂಬ ಪರೀಕ್ಷೆ ಬರೆದರು, ರಕ್ತದೊತ್ತಡದ ಗುಳಿಗೆಯನ್ನು ಬದಲಿಸಿದರು, ಬಳಿಕ ಅವ್ವನತ್ತ ತಿರುಗಿ, "ನೋವಿನ ಗುಳಿಗಿ ಏನರ ತಗೋತೀರೇನ್ರಿ ಅಮ್ಮಾರ?" ಎಂದು ಕೇಳಿದರು. ಆ ಪ್ರಶ್ನೆಯ ಬಗ್ಗೆ ಮುಂದೆ ಹೇಳುತ್ತೇನೆ. ಚೀಲದಲ್ಲಿದ್ದ ಕಾಗದಗಳಿಂದ ಈ ಗೆರೆ ನಮಗೆ ಎಂದೂ ಕಾಣುತ್ತಿರಲಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ, ಮತ್ತು ಈ ಒಂದು ಕಾರಣಕ್ಕಾಗಿಯೇ ನಾನು ಪೋರ್ಟಲಿಗೆ ಋಣಿಯಾಗಿದ್ದೇನೆ.

ಆದರೆ ಆ ಗೆರೆಯನ್ನು ಒತ್ತಿ ನೋಡಬೇಕೆಂದು ನನಗೆ ಹೇಳಿದ್ದು ಪೋರ್ಟಲ್ ಅಲ್ಲ. ಅದು ಹೇಳುವುದು ಕೆಂಪು ಅಕ್ಷರದಲ್ಲಿ ಮಾತ್ರ. ಅಂಕಿ ಪ್ರಯೋಗಾಲಯದ ಮಿತಿಯನ್ನು ದಾಟಿದರೆ ಕೆಂಪು, ಇಲ್ಲದಿದ್ದರೆ ಕಪ್ಪು. ಹೆಂಗಸರಿಗೆ ಅಲ್ಲಿ ಬರೆದ ಮಿತಿ 0.6ರಿಂದ 1.1. ಹಾಗಾಗಿ 1.05 ಎಂಬುದು ಕಪ್ಪಾಗಿಯೇ ಇತ್ತು, ನಾವೂ ನಿಶ್ಚಿಂತೆಯಿಂದ ಇದ್ದೆವು. ಕ್ರಿಯಾಟಿನಿನ್ ಸ್ನಾಯುಗಳಿಂದ ಬರುವ ತ್ಯಾಜ್ಯ; ವಯಸ್ಸಾದ, ಮೈಯಲ್ಲಿ ಮಾಂಸ ಇಳಿದ ಹೆಂಗಸಿನಲ್ಲಿ ಅದು ಹುಟ್ಟುವುದೇ ಕಡಿಮೆ, ಆದ್ದರಿಂದ ಮೂತ್ರಪಿಂಡ ಸೋತಿದ್ದರೂ ಅಂಕಿ ಸರಿಯಿರುವಂತೆ ಕಾಣಬಹುದು. ಈ ಮರೆಯನ್ನು ಸರಿಸುವುದಕ್ಕೆಂದೇ ವಯಸ್ಸು ಮತ್ತು ಲಿಂಗವನ್ನು ಸೇರಿಸಿ ಇಜಿಎಫ್‌ಆರ್ ಲೆಕ್ಕ ಹಾಕುತ್ತಾರೆ, ಅದು ಮೂರು ತಿಂಗಳಿಗಿಂತ ಹೆಚ್ಚು ಕಾಲ 60ರ ಕೆಳಗಿದ್ದರೆ ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಎಂದು ಪರಿಗಣಿಸುತ್ತಾರೆ. ಲೆಕ್ಕಕ್ಕೆ ಬೇಕಾದ ವಯಸ್ಸು, ಲಿಂಗ, ಕ್ರಿಯಾಟಿನಿನ್ ಮೂರೂ ಪೋರ್ಟಲಿನ ಬಳಿಯೇ ಇವೆ. ಆದರೂ ಅದು ಆ ಅಂಕಿಯನ್ನು ತೋರಿಸುವುದಿಲ್ಲ. ಕಂಪ್ಯೂಟರಿಗೆ ಕ್ಷಣದ ಕೆಲಸವಾದ ಈ ಲೆಕ್ಕವನ್ನು ಸೇರಿಸಿದ್ದರೆ ನಮ್ಮ ಮನೆಯಲ್ಲಿ ಒಂದು ವರ್ಷ ಮೊದಲೇ ಎಚ್ಚರ ಮೂಡುತ್ತಿತ್ತು. ಸಕ್ಕರೆ ಕಾಯಿಲೆಯ ರೋಗಿಗಳು ತುಂಬಿರುವ ಆಸ್ಪತ್ರೆಗೆ ಇದು ಸಣ್ಣ ಕೊರತೆಯಲ್ಲ.

ಕೆಂಪು ಅಕ್ಷರ ಬಂದಾಗ ಏನಾಗುತ್ತದೆ ಎಂಬುದನ್ನೂ ಅನುಭವಿಸಿದ್ದೇವೆ. ಒಂದು ಶನಿವಾರ ರಾತ್ರಿ ಒಂಬತ್ತೂವರೆ ದಾಟಿದ ಮೇಲೆ ಹೊಸ ರಿಪೋರ್ಟ್ ಬಂದಿದೆಯೆಂಬ ಸಂದೇಶ ಬಂತು. ತೆರೆದರೆ ಪೊಟ್ಯಾಶಿಯಂ 5.6, ಕೆಂಪಾಗಿ. ಮಿತಿ 5.1. ಮೂತ್ರಪಿಂಡ ಕುಗ್ಗಿದವರಲ್ಲಿ ಪೊಟ್ಯಾಶಿಯಂ ಏರಿದರೆ ಹೃದಯದ ಬಡಿತಕ್ಕೇ ಅಪಾಯ ಎಂದು ವೈದ್ಯರು ಮೊದಲೇ ಹೇಳಿ, ಎಳನೀರನ್ನೂ ನಿಲ್ಲಿಸಿದ್ದರು. ರಿಪೋರ್ಟಿನ ಅಡಿಯಲ್ಲಿ "ನಿಮ್ಮ ವೈದ್ಯರನ್ನು ಸಂಪರ್ಕಿಸಿ" ಎಂಬ ಒಂದು ಸಾಲು ಮಾತ್ರ ಇತ್ತು. ಹೇಗೆ ಸಂಪರ್ಕಿಸಬೇಕು, ಯಾವ ಸಂಖ್ಯೆಗೆ, ಈ ಹೊತ್ತಿನಲ್ಲಿ ಯಾರು ಇರುತ್ತಾರೆ ಎಂಬ ಯಾವ ಮಾಹಿತಿಯೂ ಇರಲಿಲ್ಲ. ಪೋರ್ಟಲಿನ ಸಂದೇಶ ಪೆಟ್ಟಿಗೆಯಲ್ಲಿ ಬರೆದೆ. ಉತ್ತರವಿಲ್ಲ. ಹಳೆಯ ಬಿಲ್ಲಿನ ಮೇಲಿದ್ದ ಸಂಖ್ಯೆ ಹುಡುಕಿ, ಮೂರು ಸಲ ಬೇರೆಬೇರೆ ವಿಭಾಗಕ್ಕೆ ತಿರುಗಿಸಿದ ಮೇಲೆ, ರಾತ್ರಿ ಪಾಳಿಯ ವೈದ್ಯರು ಸಿಕ್ಕರು. ಅವರು ಸಮಾಧಾನದಿಂದ ಕೇಳಿಸಿಕೊಂಡು, ಎದೆನೋವು, ನಿಶ್ಶಕ್ತಿ ಇದೆಯೇ ಎಂದು ವಿಚಾರಿಸಿ, ಗದಗದಲ್ಲಿಯೇ ಕೂಡಲೇ ಇಸಿಜಿ ಮಾಡಿಸಿ ಮತ್ತೊಮ್ಮೆ ರಕ್ತ ಪರೀಕ್ಷಿಸಲು ಹೇಳಿದರು. ಅಣ್ಣ ಅದೇ ಹೊತ್ತಿಗೆ ಅವ್ವನನ್ನು ಕರೆದುಕೊಂಡು ಹೋದ. ಇಸಿಜಿ ಸರಿಯಿತ್ತು, ಎರಡನೆಯ ಪರೀಕ್ಷೆಯಲ್ಲಿ ಪೊಟ್ಯಾಶಿಯಂ 4.6 ಬಂತು. ರಕ್ತ ತೆಗೆಯುವಾಗಲೋ ಸಾಗಿಸುವಾಗಲೋ ಕೆಂಪು ರಕ್ತಕಣಗಳು ಒಡೆದರೆ ಅವುಗಳೊಳಗಿನ ಪೊಟ್ಯಾಶಿಯಂ ಹೊರಬಂದು ಅಂಕಿ ಸುಳ್ಳಾಗಿ ಏರುತ್ತದೆ, ಹಾಗೇ ಆಗಿರಬೇಕು ಎಂದು ಸೋಮವಾರ ನಮ್ಮ ವೈದ್ಯರು ವಿವರಿಸಿದರು.

ಇದನ್ನು ಕೇಳಿದ ಕೆಲವರು, ವೈದ್ಯರು ನೋಡುವ ಮೊದಲು ರೋಗಿಗೆ ಫಲಿತಾಂಶ ತೋರಿಸುವುದೇ ತಪ್ಪು ಎಂದರು. ನನ್ನ ಅಭಿಪ್ರಾಯ ಹಾಗಿಲ್ಲ. ಆ ಅಂಕಿ ನಿಜವೇ ಆಗಿದ್ದರೆ, ಸೋಮವಾರ ವೈದ್ಯರು ನೋಡುವವರೆಗೆ ಅದು ಯಾರ ಕಣ್ಣಿಗೂ ಬೀಳದೆ ಉಳಿಯುತ್ತಿತ್ತು. ಫಲಿತಾಂಶ ಬೇಗ ಬರಲಿ, ಅದರ ಜೊತೆಗೆ ಫೋನು ಎತ್ತುವ ಒಬ್ಬ ಮನುಷ್ಯನ ಸಂಖ್ಯೆಯೂ ಬರಲಿ. ಅಪಾಯದ ಮಟ್ಟದ ಅಂಕಿ ಬಂದಾಗ ರೋಗಿಗೆ ಸಂದೇಶ ಕಳಿಸುವ ಯಂತ್ರ, ಅದೇ ಕ್ಷಣದಲ್ಲಿ ಪಾಳಿಯ ವೈದ್ಯರಿಗೂ ಕಳಿಸುವುದು ಅಸಾಧ್ಯವೇನಲ್ಲ.

ಆ ಸಂದೇಶ ಪೆಟ್ಟಿಗೆಯ ಬಗ್ಗೆ ಇನ್ನಷ್ಟು ಹೇಳಬೇಕು. "ನಿಮ್ಮ ವೈದ್ಯರಿಗೆ ಬರೆಯಿರಿ" ಎಂಬ ಹೆಸರಿನಲ್ಲಿ ಅದು ಮೊದಲ ಪುಟದಲ್ಲಿಯೇ ದೊಡ್ಡದಾಗಿ ಇದೆ. ಎರಡು ವರ್ಷಗಳಲ್ಲಿ ನಾನು ಏಳು ಸಲ ಬರೆದಿದ್ದೇನೆ. ನಾಲ್ಕಕ್ಕೆ ಉತ್ತರ ಬಂದಿದೆ, ಆ ಶನಿವಾರದ ಸಂದೇಶಕ್ಕೆ ಆರು ದಿನಗಳ ನಂತರ, "ದಯವಿಟ್ಟು ಓಪಿಡಿಗೆ ಬನ್ನಿ" ಎಂದು. ವೈದ್ಯರಿಗೆ ದಿನಕ್ಕೆ ಎಷ್ಟು ಜನ ರೋಗಿಗಳು ಎಂಬುದನ್ನು ಹೊರಗೆ ಕುಳಿತು ಕಂಡಿದ್ದೇನೆ, ಅವರೇ ಕುಳಿತು ಉತ್ತರಿಸಬೇಕೆಂದು ನಾನು ಕೇಳುವುದಿಲ್ಲ. ಆದರೆ ಓದುವವರು ಯಾರು, ಎಷ್ಟು ದಿನಗಳಲ್ಲಿ ಉತ್ತರ ಬರುತ್ತದೆ, ತುರ್ತಿಗೆ ಇದನ್ನು ಬಳಸಬಾರದು ಎಂಬ ಮೂರು ಮಾತುಗಳನ್ನು ಆ ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ಬರೆಯದೆ ಅದನ್ನು ತೆರೆದಿಡುವುದು ಸರಿಯಲ್ಲ. ಬರೆದವರು ತಮ್ಮ ಮಾತು ತಲುಪಿದೆ ಎಂದು ನಂಬಿ ಮನೆಯಲ್ಲಿ ಕುಳಿತುಬಿಡುತ್ತಾರೆ.

ಈಗ ನೋವಿನ ಗುಳಿಗೆಯ ಮಾತಿಗೆ ಬರುತ್ತೇನೆ. ಅವ್ವನ ಮೊಣಕಾಲು ನೋವಿಗೆ ಗದಗದ ಬೇರೊಬ್ಬ ವೈದ್ಯರು ಹಿಂದೆ ಡೈಕ್ಲೋಫೆನಾಕ್ ಬರೆದಿದ್ದರು. ಹತ್ತು ದಿನಕ್ಕೆಂದು ಬರೆದದ್ದನ್ನು ಅವ್ವ, ನೋವು ಬಂದಾಗಲೆಲ್ಲ ಔಷಧದಂಗಡಿಯಿಂದ ಹಳೆಯ ಚೀಟಿ ತೋರಿಸಿ ತರಿಸಿಕೊಳ್ಳುತ್ತಿದ್ದಳು. ಈ ಜಾತಿಯ ಗುಳಿಗೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ; ಮೊದಲೇ ಸೋತ ಮೂತ್ರಪಿಂಡಕ್ಕೆ ಅವು ಇನ್ನಷ್ಟು ಹಾನಿ ಮಾಡಬಲ್ಲವು. ಪೋರ್ಟಲಿನಲ್ಲಿ "ನಿಮ್ಮ ಔಷಧಿಗಳು" ಎಂಬ ಪಟ್ಟಿಯಿದೆ, ವೈದ್ಯರ ಕಂಪ್ಯೂಟರಿನಲ್ಲಿ ತೆರೆಯುವುದೂ ಅದೇ ಪಟ್ಟಿ. ಆದರೆ ಅದರಲ್ಲಿರುವುದು ಆ ಆಸ್ಪತ್ರೆಯಲ್ಲಿ ಬರೆದ ಔಷಧಿಗಳು ಮಾತ್ರ. ಹೊರಗಿನದನ್ನು ನಾವು ಸೇರಿಸಲು ಜಾಗವೇ ಇಲ್ಲ. ನಿಲ್ಲಿಸಿದ ಗುಳಿಗೆಗಳು ಇನ್ನೂ ಪಟ್ಟಿಯಲ್ಲಿವೆ, ಅವ್ವ ಆಗಾಗ ನುಂಗುತ್ತಿದ್ದ ಗುಳಿಗೆ ಪಟ್ಟಿಯಲ್ಲಿ ಇರಲಿಲ್ಲ. ವೈದ್ಯರು ಬಾಯಿಬಿಟ್ಟು ಕೇಳಿದ್ದರಿಂದ ಮಾತ್ರ ಅದು ಹೊರಬಂತು. ಅವ್ವ, "ಅದು ಜಡ್ಡಿನ ಗುಳಿಗಿ ಅಲ್ರಿ, ಬರೇ ಮೊಣಕಾಲಿಂದ" ಎಂದಳು. ಅವಳ ಲೆಕ್ಕದಲ್ಲಿ ಅದು ಹೇಳಬೇಕಾದ ಔಷಧಿಯೇ ಆಗಿರಲಿಲ್ಲ. ಅದನ್ನು ನಿಲ್ಲಿಸಿ ಎಂಟು ತಿಂಗಳಾಗಿದೆ, ಕ್ರಿಯಾಟಿನಿನ್ ಆಮೇಲೆ 1.26 ಮತ್ತು 1.27 ಬಂದಿದೆ. ಏರುವುದು ನಿಂತಿರುವುದಕ್ಕೆ ಗುಳಿಗೆ ಬಿಟ್ಟದ್ದೇ ಕಾರಣವೋ ರಕ್ತದೊತ್ತಡದ ಔಷಧಿ ಬದಲಿಸಿದ್ದೋ ಎಂದು ವೈದ್ಯರೂ ಬಿಡಿಸಿ ಹೇಳಲಿಲ್ಲ.

ಪೋರ್ಟಲನ್ನು ಕಟ್ಟಿದವರು ರೋಗಿಯೆಂದರೆ ಒಬ್ಬ ವ್ಯಕ್ತಿ, ಒಂದು ಮೊಬೈಲು, ಇಂಗ್ಲಿಷ್ ಓದಬಲ್ಲ ಎರಡು ಕಣ್ಣು ಎಂದು ಭಾವಿಸಿದ್ದಾರೆ ಎಂಬುದು ಒಳಗೆ ಹೋಗುವ ಬಾಗಿಲಲ್ಲಿಯೇ ತಿಳಿಯುತ್ತದೆ. ಅವ್ವನ ಬಳಿ ಸ್ಮಾರ್ಟ್‌ಫೋನ್ ಇಲ್ಲ. ಮೊದಲ ದಿನ ನೋಂದಣಿಯಲ್ಲಿ ಅಣ್ಣನ ಸಂಖ್ಯೆ ಕೊಟ್ಟಿದ್ದರಿಂದ ಒಟಿಪಿ ಅವನಿಗೇ ಹೋಗುತ್ತದೆ. ನಾನು ಧಾರವಾಡದಲ್ಲಿ ಪೋರ್ಟಲ್ ತೆರೆದರೆ ಅವನು ಅಂಗಡಿಯಲ್ಲಿ ಗಿರಾಕಿಗೆ ಸಕ್ಕರೆ ತೂಗುವುದನ್ನು ಬಿಟ್ಟು ಮೂರು ನಿಮಿಷದೊಳಗೆ ಆ ಆರು ಅಂಕಿಗಳನ್ನು ನನಗೆ ಫೋನಿನಲ್ಲಿ ಓದಿ ಹೇಳಬೇಕು. ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ಬ್ಯಾಂಕುಗಳೂ ಪೊಲೀಸರೂ ದಿನವೂ ಎಚ್ಚರಿಸುತ್ತಿರುವಾಗ, ಆಸ್ಪತ್ರೆಯ ವ್ಯವಸ್ಥೆ ಅದನ್ನೇ ನಮ್ಮ ಮನೆಯ ರೂಢಿಯಾಗಿ ಮಾಡಿಸಿದೆ. ನಾಳೆ ಬೇರೆ ಯಾರೋ ಆಸ್ಪತ್ರೆಯ ಹೆಸರು ಹೇಳಿ ಒಟಿಪಿ ಕೇಳಿದರೆ ಅಣ್ಣ ಹೇಳಿಬಿಡುವನೇ ಎಂಬ ಭಯ ನನಗೆ ನಿಜವಾಗಿಯೂ ಇದೆ. ಅವ್ವನ ಒಪ್ಪಿಗೆ ಪಡೆದು ಮನೆಯ ಇನ್ನೊಬ್ಬರಿಗೆ ಅವರದೇ ಸಂಖ್ಯೆಯಿಂದ ನೋಡಲು ಅನುಮತಿ ಕೊಡುವ ಸೌಲಭ್ಯವಿದ್ದರೆ ಇದು ಮುಗಿಯುತ್ತದೆ. ಅವ್ವ ಬೇಡವೆಂದ ದಿನ ಅನುಮತಿ ಹಿಂತೆಗೆಯುವಂತೆಯೂ ಇರಬೇಕು. ದೇಹ ಅವಳದು, ಕಾಗದವೂ ಅವಳದು.

ಭಾಷೆಯ ವಿಷಯದಲ್ಲಿ ನನಗೆ ಹೆಚ್ಚು ನೋವಾಗಿದೆ. ಮೇಲಿನ ಮೂಲೆಯಲ್ಲಿ ಕನ್ನಡ ಎಂಬ ಗುಂಡಿ ಇದೆ. ಅದನ್ನು ಒತ್ತಿದರೆ ಪಟ್ಟಿಗಳ ಹೆಸರು ಬದಲಾಗುತ್ತವೆ, ಅದೂ ಯಂತ್ರ ಮಾಡಿದ ಅನುವಾದ. ಹೋಮ್ ಎಂಬುದು "ಮನೆ" ಆಗಿದೆ, ಡಿಸ್ಚಾರ್ಜ್ ಎಂಬುದು "ವಿಸರ್ಜನೆ" ಆಗಿದೆ. ಒಬ್ಬ ಕನ್ನಡಿಗ ನೌಕರ ಒಂದು ಮಧ್ಯಾಹ್ನ ಓದಿದ್ದರೂ ಇವು ಉಳಿಯುತ್ತಿರಲಿಲ್ಲ. ಮುಖ್ಯವಾದ ಒಳಗಿನ ಬರಹ, ಅಂದರೆ ಗುಳಿಗೆ ಯಾವಾಗ ತೆಗೆದುಕೊಳ್ಳಬೇಕು, ಯಾವ ಲಕ್ಷಣ ಕಂಡರೆ ಬರಬೇಕು, ಏನು ತಿನ್ನಬಾರದು ಎಂಬುದೆಲ್ಲ ಇಂಗ್ಲಿಷಿನಲ್ಲಿಯೇ ಉಳಿದಿದೆ. ಗುಳಿಗೆಯ ಮುಂದೆ ಓಡಿ (OD), ಬಿಡಿ (BD) ಎಂಬ ಇಂಗ್ಲಿಷ್ ಗುರುತುಗಳಿವೆ. ಮೊದಲನೆಯದು ದಿನಕ್ಕೆ ಒಂದು ಸಲ, ಎರಡನೆಯದು ಎರಡು ಸಲ ಎಂದು ವೈನಿಗೆ ಹೇಳುವವರಾರು? ಅವರು ಹತ್ತನೆಯ ತರಗತಿಯವರೆಗೆ ಓದಿದವರು, ಕನ್ನಡ ಪತ್ರಿಕೆಯನ್ನು ದಿನವೂ ಓದುತ್ತಾರೆ. ಅವರಿಗೆ "ಮುಂಜಾನೆ ನಾಷ್ಟಾಕ್ಕಿಂತ ಮುಂಚೆ ಒಂದು" ಎಂದು ಬರೆದುಕೊಟ್ಟರೆ ಒಂದು ದಿನವೂ ತಪ್ಪುವುದಿಲ್ಲ. ನಾನು ಪ್ರತಿ ಭೇಟಿಯ ನಂತರ ಹಾಗೆ ಬರೆದು ವಾಟ್ಸ್ಆ್ಯಪಿನಲ್ಲಿ ಕಳಿಸುತ್ತೇನೆ, ವೈನಿ ಅದನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದುಕೊಳ್ಳುತ್ತಾರೆ. ಹುಬ್ಬಳ್ಳಿಯ ಆಸ್ಪತ್ರೆಗೆ ಹಾವೇರಿ, ಗದಗ, ನವಲಗುಂದ, ಕುಂದಗೋಳದ ಜನ ಬರುತ್ತಾರೆ; ಅವರ ಮನೆಗಳಲ್ಲಿ ಇದನ್ನು ಬರೆದುಕೊಡುವವರು ಇದ್ದಾರೋ ಇಲ್ಲವೋ ಎಂದು ನಾನು ಆಗಾಗ ಯೋಚಿಸುತ್ತೇನೆ.

ಉಳಿದ ಸೌಲಭ್ಯಗಳು ಬಳಸುವಷ್ಟು ಚೆನ್ನಾಗಿವೆ. ಭೇಟಿಯ ಸಮಯ ಗೊತ್ತುಪಡಿಸುವುದು, ಯುಪಿಐ ಮೂಲಕ ಹಣ ಕಟ್ಟುವುದು ಸಲೀಸು. ಹನ್ನೊಂದೂಕಾಲಕ್ಕೆಂದು ಕೊಟ್ಟ ಭೇಟಿ ಒಂದೂವರೆಗೆ ಆಗುವುದು ಪೋರ್ಟಲಿನ ತಪ್ಪಲ್ಲ, ಆದರೆ ಸರದಿ ಎಲ್ಲಿದೆ ಎಂದು ಅದು ತೋರಿಸಬಹುದಿತ್ತು. ಸ್ಕ್ಯಾನಿಂಗಿನ ವರದಿ ಮಾತ್ರ ಸಿಗುತ್ತದೆ, ಚಿತ್ರಗಳಿಗೆ ಕೌಂಟರಿಗೇ ಹೋಗಬೇಕು.

ಅವ್ವನ ದಾಖಲೆಗಳನ್ನು ಆಭಾ ಖಾತೆಗೆ ಜೋಡಿಸಲು ಮಾಡಿದ ಪ್ರಯತ್ನವನ್ನು ಮಾತ್ರ ಹೇಳಲೇಬೇಕು. ಕೇಂದ್ರ ಸರ್ಕಾರದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರಿನಲ್ಲಿ ದೇಶದಾದ್ಯಂತ ಆರಂಭವಾಯಿತು. ಅದರಡಿ ಸಿಗುವ 14 ಅಂಕಿಗಳ ಆಭಾ ಸಂಖ್ಯೆಯ ಮೂಲಕ ಬೇರೆಬೇರೆ ಆಸ್ಪತ್ರೆಗಳ ದಾಖಲೆಗಳನ್ನು ರೋಗಿಯ ಒಪ್ಪಿಗೆಯೊಂದಿಗೆ ಒಂದೆಡೆ ನೋಡಬಹುದು. ಮೊಣಕಾಲಿನ ವೈದ್ಯರ ಚೀಟಿ ಮತ್ತು ಹುಬ್ಬಳ್ಳಿಯ ರಿಪೋರ್ಟು ಹೀಗೆ ಸೇರಿದ್ದರೆ ಡೈಕ್ಲೋಫೆನಾಕ್ ಮುಚ್ಚಿಹೋಗುತ್ತಿರಲಿಲ್ಲ ಎಂದು ನಾನು ಉತ್ಸಾಹದಿಂದ ಶುರುಮಾಡಿದೆ. ಅವ್ವನ ಹೆಸರನ್ನು ಆಧಾರಿನಲ್ಲಿ ಒಂದು ಇಂಗ್ಲಿಷ್ ಕಾಗುಣಿತದಲ್ಲಿ, ಆಸ್ಪತ್ರೆಯಲ್ಲಿ ಇನ್ನೊಂದರಲ್ಲಿ ಬರೆದಿದ್ದಾರೆ. ಹುಟ್ಟಿದ ದಿನವೂ ಒಂದರಲ್ಲಿ ಜನವರಿ 1, ಇನ್ನೊಂದರಲ್ಲಿ ಜೂನ್ 1. ಅವಳ ಕಾಲದ ಎಷ್ಟೋ ಜನರ ಜನ್ಮದಿನವನ್ನು ಹೀಗೆ ಯಾರೋ ಅಂದಾಜಿನಲ್ಲಿ ಬರೆದದ್ದೇ. ಯಂತ್ರ ಇಬ್ಬರೂ ಒಂದೇ ಎಂದು ಒಪ್ಪಲಿಲ್ಲ. ಇದಲ್ಲದೆ ಹಿಂದೊಮ್ಮೆ ತುರ್ತು ವಿಭಾಗಕ್ಕೆ ಹೋದಾಗ ಅವಳಿಗೆ ಎರಡನೆಯ ನೋಂದಣಿ ಸಂಖ್ಯೆ ಕೊಟ್ಟಿದ್ದರು. ಆ ದಿನದ ರಿಪೋರ್ಟುಗಳು ಇಂದಿಗೂ ಪೋರ್ಟಲಿನ ಗೆರೆಯಲ್ಲಿ ಕಾಣುವುದಿಲ್ಲ.

ಪೋರ್ಟಲ್ ಆಸ್ಪತ್ರೆ ಮಾಡುವ ಉಪಕಾರ ಇರಬಹುದು, ದಾಖಲೆ ಮಾತ್ರ ರೋಗಿಯ ಹಕ್ಕು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳ ಪ್ರಕಾರ ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಗಳೊಳಗೆ ದಾಖಲೆ ಕೊಡಬೇಕೆಂದಿದೆ. ಇದನ್ನು ಓದಿಕೊಂಡ ಮೇಲೆ ನಾನು ಕನ್ನಡದಲ್ಲಿ ಒಂದು ಅರ್ಜಿ ಬರೆದೆ. ಎರಡು ನೋಂದಣಿಗಳನ್ನು ಒಂದು ಮಾಡಬೇಕು, ಹೆಸರು ಮತ್ತು ಜನ್ಮದಿನವನ್ನು ಆಧಾರಿನಂತೆ ತಿದ್ದಬೇಕು, ಅವ್ವನ ಖಾತೆಗೆ ನನ್ನ ಮೊಬೈಲ್ ಸಂಖ್ಯೆಯನ್ನೂ ಸೇರಿಸಬೇಕು ಎಂದು ಕೇಳಿದೆ. ಅವ್ವ ಅದನ್ನು ನನ್ನಿಂದ ಎರಡು ಸಲ ಓದಿಸಿಕೊಂಡು, ಕನ್ನಡಕ ಹಾಕಿಕೊಂಡು ಸಹಿ ಮಾಡಿದಳು. ದಾಖಲೆ ವಿಭಾಗದ ಕಿಟಕಿಯಲ್ಲಿದ್ದ ತರುಣಿ ಅರ್ಜಿಯನ್ನು ಪೂರ್ತಿ ಓದಿ, "ಅಕ್ಕಾರ, ನಂಬರ್ ಸೇರಸೂದಕ್ಕ ನಮ್ಮ ಸಿಸ್ಟಮ್‌ನ್ಯಾಗ ಜಾಗಾನ ಇಲ್ರಿ, ಆದ್ರ ಉಳಿದೆರಡು ನಾ ಮಾಡಸ್ತೀನಿ" ಎಂದು ಹೇಳಿ, ಸ್ವೀಕೃತಿಯ ಮೊಹರು ಒತ್ತಿಕೊಟ್ಟಳು. ಹೆಸರು ಮತ್ತು ಜನ್ಮದಿನ ನಾಲ್ಕು ದಿನಗಳಲ್ಲಿ ಸರಿಯಾದವು. ನೋಂದಣಿಗಳು ಇನ್ನೂ ಎರಡಾಗಿಯೇ ಇವೆ. ಮುಂದಿನ ತಿಂಗಳು ಅವ್ವನ ಮೂರು ತಿಂಗಳ ಪರೀಕ್ಷೆಗೆ ಹೋದಾಗ ಆ ಮೊಹರು ಬಿದ್ದ ಪ್ರತಿಯನ್ನು ಫೈಲಿನಲ್ಲಿ ಮೇಲೆಯೇ ಇಟ್ಟುಕೊಂಡು ಮತ್ತೆ ಆ ಕಿಟಕಿಗೆ ಹೋಗುವವಳಿದ್ದೇನೆ.